ಹಳೆಯ ಗಣಕಯಂತ್ರದ ಸ್ಮೃತಿ: ಹಗೇವೋ, ಹಿತ್ತಲ ಕೋಣೆಯೋ?

ಮನೆಯಲ್ಲಿ ಜೋಳ ಎಷ್ಟಿದೆ ಎಂಬದು ಒಂದು ಪ್ರಶ್ನೆ. ಆ ಜೋಳವು ಬೇಕಾದ ಹೊತ್ತಿಗೆ ಬೀಸುವ ಕಲ್ಲಿನ ಬಳಿಗೆ ಬರುವದೋ ಇಲ್ಲವೋ ಎಂಬದು ಬೇರೊಂದು ಪ್ರಶ್ನೆ. ಸಂಸಾರವನ್ನು ನಡಿಸುವ ಗೃಹಿಣಿಯರು ಇವೆರಡನ್ನು ಎಂದೂ ಒಂದೆಂದು ತಿಳಿದವರಲ್ಲ. ಗಣಕಯಂತ್ರವನ್ನು ಕೊಂಡ ಗೃಹಸ್ಥರಲ್ಲಿ ಮಾತ್ರ ಅನೇಕರು ಇವನ್ನು ಒಂದೆಂದೇ ಎಣಿಸಿ, ಹಣವನ್ನೂ ಹೊತ್ತನ್ನೂ ಕಳೆದುಕೊಂಡದ್ದುಂಟು. ಯಂತ್ರದೊಳಗೆ ನಾಲ್ಕು ಮೆಗಾಬೈಟ್ ಸ್ಮೃತಿ ಇರುವದು. ಆದರೂ ಲೆಕ್ಕದ ಕಡತವನ್ನು ತೆರೆಯಹೋದರೆ, ಸ್ಮೃತಿ ಸಾಲದೆಂದು ತೆರೆಯ ಮೇಲೆ ಬರೆದು ಯಂತ್ರವು ಸುಮ್ಮನೆ ನಿಲ್ಲುವದು. ಇದು ಯಂತ್ರದ ಸುಳ್ಳಲ್ಲ. ಮಾರಿದವನ ಮೋಸವೂ ಆಗಿರಲಿಕ್ಕಿಲ್ಲ. ಇರುವದು ಬೇರೆ, ಕೈಗೆ ಎಟಕುವದು ಬೇರೆ. ಈ ತಿಂಗಳಿನ ನಮ್ಮ ಮಾತು ಈ ಭೇದವನ್ನು ಕುರಿತದ್ದಾಗಿರುತ್ತದೆ.

ಇಷ್ಟು ಹಳೆಯ ಯಂತ್ರಗಳ ವಿಚಾರವು ಈಗೇಕೆ ಎಂದು ವಾಚಕರು ಕೇಳಬಹುದು. ಹಿಂದೆ ಸಂಪಗಾಂವ ತಾಲೂಕೆಂದು ಹೆಸರಾಗಿದ್ದ ಬೈಲಹೊಂಗಲ, ಕಿತ್ತೂರುಗಳ ಸೀಮೆಯನ್ನೂ, ಅದಕ್ಕೆ ಹೊಂದಿದ ಸವದತ್ತಿ, ರಾಮದುರ್ಗಗಳ ಸೀಮೆಯನ್ನೂ ನೆನೆಯಿರಿ. ಹತ್ತಿಯ ಪೇಟೆ, ಅಡತಿ ಅಂಗಡಿ, ಛಾಪಖಾನೆ, ಸಹಕಾರಿ ಸಂಘ ಇವು ಇಲ್ಲಿಯ ವ್ಯವಹಾರದ ನೆಲೆಗಳು. ಇಂಥಲ್ಲಿ ೧೯೯೦ರ ಆಚೀಚೆಗೆ ಗಣಕಯಂತ್ರವನ್ನು ತರಿಸಿದ ಹಿರಿಯರು ತಮ್ಮ ಕೊಡುಕೊಳ್ಳುವಿಕೆಯ ಲೆಕ್ಕವನ್ನು ಖಾತೆ ಕಿರ್ದಿಗಳಿಂದ ಯಂತ್ರಕ್ಕೆ ಇಳಿಸಿದರು. ಈಗ ಆ ಯಂತ್ರವು ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವದು. ಹಿರಿಯರೋ ವೃದ್ಧರಾಗಿರುವರು ಅಥವಾ ಇಲ್ಲವಾಗಿರುವರು. ಅಣ್ಣತಮ್ಮಂದಿರಲ್ಲಿ ಪಾಲಾಗುವ ಸಮಯ ಬಂದಾಗ, ಯಾರಿಗೆ ಎಷ್ಟು ಕೊಟ್ಟಿತ್ತು, ಯಾವ ಹೊಲದ ಖರೀದಿಗೆ ಯಾವ ವರ್ಷ ಹಣ ಹೋಯಿತು ಎಂಬ ಪ್ರಶ್ನೆಗಳಿಗೆ ಉತ್ತರವು ಆ ಪೆಟ್ಟಿಗೆಯೊಳಗೇ ಇರಬಹುದು. ಯಂತ್ರವನ್ನು ಹಚ್ಚಿದರೆ ಅದು ಸ್ಮೃತಿ ಸಾಲದೆನ್ನುತ್ತದೆ. ಕೆಟ್ಟುಹೋಗಿದೆಯೆಂದು ತಿಳಿದು ಗುಜರಿಗೆ ಹಾಕಿದರೆ ಯಂತ್ರದೊಡನೆ ಮನೆತನದ ಲೆಕ್ಕವೂ ಹೋಯಿತು. ಆದುದರಿಂದ ಈ ವಿಷಯವು ಯಂತ್ರಪ್ರಿಯರ ವಿನೋದ ಮಾತ್ರವಲ್ಲ. ಗೃಹಸ್ಥರೆಲ್ಲರೂ ತಿಳಿಯತಕ್ಕದ್ದೆಂದು ನಾವು ಭಾವಿಸುತ್ತೇವೆ.

ಮೊದಲು ಯಂತ್ರದ ಗುಣವನ್ನು ತಿಳಿಯೋಣ. ಅಮೇರಿಕೆಯ ಐಬಿಎಂ ಸಂಸ್ಥೆಯು ೧೯೮೧ನೆಯ ಆಗಸ್ಟ್ ತಿಂಗಳಲ್ಲಿ ತನ್ನ ಮೊದಲನೆಯ ವೈಯಕ್ತಿಕ ಗಣಕಯಂತ್ರವನ್ನು ಹೊರಗೆ ತಂದಿತು. ಮುಂದೆ ಲೋಕದ ನಾನಾ ಕಡೆಗಳಲ್ಲಿ ಅದೇ ಮಾದರಿಯ ಯಂತ್ರಗಳು ಆದವು. ಬೆಂಗಳೂರಿನ ವಿಪ್ರೋ ಸಂಸ್ಥೆಯು ೧೯೮೦ರ ದಶಕದಲ್ಲಿ ಮಾಡಿ ಮಾರಿದ ಯಂತ್ರಗಳೂ ಈ ಮಾದರಿಯವೇ. ೧೯೮೧ರ ಯಂತ್ರದ ಬುದ್ಧಿಸ್ಥಾನವಾದ ಪ್ರೊಸೆಸರಿಗೆ ೮೦೮೮ ಎಂದು ಹೆಸರು. ಸ್ಮೃತಿಯಲ್ಲಿ ಒಂದೊಂದು ಚಿಹ್ನೆ ಹಿಡಿಯುವ ಗೂಡಿಗೆ ಬೈಟ್ ಎಂದು ಹೆಸರು. ಯಾವ ಗೂಡು ಬೇಕೆಂದು ಸೂಚಿಸಲು ೮೦೮೮ಕ್ಕೆ ಇಪ್ಪತ್ತು ತಂತಿಗಳಿದ್ದವು. ಒಂದೊಂದು ತಂತಿಯೂ ಹೌದು ಅಥವಾ ಇಲ್ಲ ಎಂಬ ಎರಡೇ ಮಾತನ್ನು ಬಲ್ಲದು. ಚದುರಂಗದ ಮನೆಯಿಂದ ಮನೆಗೆ ಕಾಳನ್ನು ಇಮ್ಮಡಿಸುತ್ತ ಹೋಗುವ ಕಥೆಯನ್ನು ವಾಚಕರು ಬಲ್ಲರಷ್ಟೆ. ಹಾಗೆಯೇ ಒಂದನ್ನು ಇಪ್ಪತ್ತು ಸಲ ಇಮ್ಮಡಿಸಿದರೆ ೧೦,೪೮,೫೭೬ ಆಗುವದು. ಇದೇ ಒಂದು ಮೆಗಾಬೈಟ್. ಇದಕ್ಕೆ ಆಚೆಯ ಗೂಡಿನ ಹೆಸರನ್ನು ಹೇಳುವ ಶಕ್ತಿಯೇ ಆ ಪ್ರೊಸೆಸರಿಗೆ ಇರಲಿಲ್ಲ.

ಈ ಒಂದು ಮೆಗಾಬೈಟನ್ನು ಯಂತ್ರವನ್ನು ಕಟ್ಟಿದವರು ಎರಡು ಭಾಗ ಮಾಡಿದರು. ಕೆಳಗಿನ ೬೪೦ ಕಿಲೋಬೈಟ್, ಅಂದರೆ ೬,೫೫,೩೬೦ ಗೂಡುಗಳು, ನಡುಮನೆಯಂತೆ. ಡಾಸ್ ಎಂಬ ಆಳುವ ವ್ಯವಸ್ಥೆಯೂ ನಮ್ಮ ಪ್ರೋಗ್ರಾಮುಗಳೂ ಅವುಗಳ ಲೆಕ್ಕವೂ ಅಲ್ಲಿಯೇ ಇರತಕ್ಕದ್ದು. ಮೇಲಿನ ೩೮೪ ಕಿಲೋಬೈಟ್ ದೇವರ ಕೋಣೆಯಂತೆ ಮೀಸಲು; ತೆರೆಯ ಮೇಲೆ ಚಿತ್ರ ಮೂಡಿಸುವ ಕಾರ್ಡು ಮೊದಲಾದವುಗಳಿಗೆ ಅಲ್ಲಿ ಜಾಗ. ಮೊದಮೊದಲು ೬೪೦ ಕಿಲೋಬೈಟ್ ಬಹಳವೆಂದೇ ತೋರಿತು. ಪುಟಕ್ಕೆ ೨,೦೦೦ ಚಿಹ್ನೆಗಳನ್ನು ಹಿಡಿದರೆ ಅದು ೩೨೭ ಪುಟಗಳ ಪುಸ್ತಕಕ್ಕೆ ಸಮವಾಯಿತು. ಆದರೆ ೧೯೮೩ರಲ್ಲಿ ಹೊರಟ ಲೋಟಸ್ ೧-೨-೩ ಎಂಬ ಲೆಕ್ಕದ ಪ್ರೋಗ್ರಾಮು ವ್ಯಾಪಾರಿಗಳ ಕೈಗೆ ಬಂದ ಮೇಲೆ, ಸಾಲು ಸಾಲಾಗಿ ಅಂಕಿಗಳನ್ನು ತುಂಬಿದವರಿಗೆ ನಡುಮನೆ ಇಕ್ಕಟ್ಟಾಗತೊಡಗಿತು.

ಇಕ್ಕಟ್ಟಾದ ಮನೆಯವರು ಎರಡು ಉಪಾಯಗಳನ್ನು ಮಾಡಬಲ್ಲರು: ಅಂಗಳದಲ್ಲಿ ಹಗೇವು ತೋಡಬಹುದು, ಅಥವಾ ಹಿಂಗೋಡೆಯ ಆಚೆ ಹಿತ್ತಲಲ್ಲಿ ಹೊಸ ಕೋಣೆ ಕಟ್ಟಿಸಬಹುದು. ಗಣಕಯಂತ್ರದಲ್ಲಿಯೂ ಈ ಎರಡು ಉಪಾಯಗಳೇ ಆದವು. ಹಗೇವಿನಂಥದಕ್ಕೆ ಎಕ್ಸ್‌ಪ್ಯಾಂಡೆಡ್ ಮೆಮರಿ ಎಂದೂ, ಹಿತ್ತಲ ಕೋಣೆಯಂಥದಕ್ಕೆ ಎಕ್ಸ್‌ಟೆಂಡೆಡ್ ಮೆಮರಿ ಎಂದೂ ಹೆಸರಾಯಿತು. ಕಿವಿಗೆ ಇವು ಅವಳಿಜವಳಿಗಳಂತೆ ಕೇಳುವದರಿಂದ ಅಂಗಡಿಕಾರರೂ ಗಿರಾಕಿಗಳೂ ಒಂದಕ್ಕೆ ಇನ್ನೊಂದನ್ನು ಹೇಳಿ ಗೊಂದಲಕ್ಕೆ ಬಿದ್ದರು. ವಾಚಕರ ಅನುಕೂಲಕ್ಕಾಗಿ ನಾವು ಮುಂದೆ ಇವನ್ನು ಹಗೇವಿನ ಸ್ಮೃತಿ, ಹಿತ್ತಲ ಸ್ಮೃತಿ ಎಂದೇ ಕರೆಯುವೆವು.

ಹಗೇವಿನ ಸ್ಮೃತಿಯ ನಿಯಮಗಳನ್ನು ೧೯೮೫ರಲ್ಲಿ ಲೋಟಸ್ ಹಾಗೂ ಇಂಟೆಲ್ ಸಂಸ್ಥೆಗಳು ಗೊತ್ತುಮಾಡಿದವು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯೂ ಬಂದು ಕೂಡಿಕೊಂಡಿತು. ಅದರ ರೀತಿ ಇಂತಿದೆ. ಯಂತ್ರದ ಗಾಡಿಯಲ್ಲಿ ಬೇರೊಂದು ಸ್ಮೃತಿಯ ಕಾರ್ಡನ್ನು ಸಿಕ್ಕಿಸುವದು. ಆ ಕಾರ್ಡಿನಲ್ಲಿ ಎರಡು ಮೆಗಾಬೈಟ್ ಇದೆಯೆಂದು ತಿಳಿಯಿರಿ. ಅದನ್ನು ೧೬ ಕಿಲೋಬೈಟಿನ ಬುಟ್ಟಿಗಳಾಗಿ ವಿಂಗಡಿಸಿದರೆ ೧೨೮ ಬುಟ್ಟಿಗಳಾಗುವವು. ಮೇಲಿನ ಮೀಸಲು ಸ್ಥಳದಲ್ಲಿ ೬೪ ಕಿಲೋಬೈಟಿನ ಒಂದು ಕಿಟಕಿಯನ್ನು ತೆರೆದಿರುತ್ತಾರೆ. ಅದರಲ್ಲಿ ಒಂದು ಹೊತ್ತಿಗೆ ನಾಲ್ಕೇ ಬುಟ್ಟಿಗಳು ಕಾಣುವವು. ಐದನೆಯ ಬುಟ್ಟಿ ಬೇಕಾದರೆ ಮುಂದಿನ ನಾಲ್ಕರಲ್ಲಿ ಒಂದು ಹಿಂದೆ ಸರಿಯಬೇಕು. ನಮ್ಮ ಹಗೇವಿನ ಬಾಯಿ ಒಬ್ಬ ಆಳು ಇಳಿಯುವಷ್ಟೇ ಇದ್ದು ಒಳಗೆ ಚೀಲಗಟ್ಟಲೆ ಜೋಳವಿರುವಂತೆಯೇ ಇದು. ಒಂದು ವ್ಯತ್ಯಾಸವುಂಟು: ಇಲ್ಲಿ ಕಾಳನ್ನು ಸುರಿಯುವ, ತುಂಬುವ ಶ್ರಮವಿಲ್ಲ, ಇಂಥ ಬುಟ್ಟಿ ಬೇಕೆಂದ ಕೂಡಲೆ ಆ ಬುಟ್ಟಿಯೇ ಕಿಟಕಿಯಲ್ಲಿ ಬಂದು ನಿಲ್ಲುವದು. ೧೯೮೫ರ ನಿಯಮದಂತೆ ಹಗೇವು ೮ ಮೆಗಾಬೈಟಿನವರೆಗೆ ಇರಬಹುದಾಗಿತ್ತು. ೧೯೮೭ರ ನಾಲ್ಕನೆಯ ನಿಯಮಾವಳಿಯು ಅದನ್ನು ೩೨ ಮೆಗಾಬೈಟಿಗೆ ಏರಿಸಿತು.

ಈ ಉಪಾಯದ ದೊಡ್ಡ ಗುಣವೆಂದರೆ, ೨೦ ತಂತಿಗಳ ಬಡ ಪ್ರೊಸೆಸರಿಗೂ ಇದು ನಡೆಯುವದು; ಕಿಟಕಿಯು ಒಂದು ಮೆಗಾಬೈಟಿನ ಒಳಗೇ ಇದೆಯಲ್ಲವೆ? ದೋಷಗಳೂ ಇವೆ. ಮೊದಲನೆಯದಾಗಿ, ಬುಟ್ಟಿ ಬದಲಿಸುವ ರೀತಿಯನ್ನು ಪ್ರೋಗ್ರಾಮು ಬಲ್ಲದಾಗಿರಬೇಕು; ಅರಿಯದ ಪ್ರೋಗ್ರಾಮಿಗೆ ಹಗೇವು ಇದ್ದೂ ಇಲ್ಲದಂತೆಯೇ. ಎರಡನೆಯದಾಗಿ, ಹಳೆಯ ಯಂತ್ರದ ಗಾಡಿಯು ನಿಧಾನದ ದಾರಿ. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ಮಲಪ್ರಭೆಯ ನೀರು ಎಷ್ಟೇ ನಿಂತಿರಲಿ, ಹೊಲಕ್ಕೆ ಬರುವ ನೀರನ್ನು ಕಾಲುವೆಯ ತೂಬೇ ನಿರ್ಣಯಿಸುವದು. ಹಾಗೆಯೇ ಕಾರ್ಡಿನಲ್ಲಿ ಎಷ್ಟು ಸ್ಮೃತಿಯಿದ್ದರೂ ಗಾಡಿಯ ವೇಗಕ್ಕಿಂತ ಬೇಗ ಅದು ಬರಲಾರದು. ಮೂರನೆಯದಾಗಿ, ಪ್ರೋಗ್ರಾಮು ತಾನೂ, ಅದರ ಲೆಕ್ಕದಲ್ಲಿ ಕೆಲವು ಅಂಶಗಳೂ ನಡುಮನೆಯಲ್ಲಿಯೇ ಇರಬೇಕಾಗುವದರಿಂದ, ಹಗೇವು ಅರ್ಧ ಬರಿದಾಗಿರುವಾಗಲೇ ನಡುಮನೆ ತುಂಬಿ ಕೆಲಸ ನಿಲ್ಲುವ ಪ್ರಸಂಗವೂ ಉಂಟು.

ಇನ್ನು ಹಿತ್ತಲ ಸ್ಮೃತಿ. ೧೯೮೪ರಲ್ಲಿ ಐಬಿಎಂ ಸಂಸ್ಥೆಯು ಎಟಿ ಎಂಬ ಯಂತ್ರವನ್ನು ತಂದಿತು. ಅದರ ಪ್ರೊಸೆಸರು ೮೦೨೮೬; ಅದಕ್ಕೆ ೨೪ ತಂತಿಗಳು. ಇಪ್ಪತ್ತರ ಮೇಲೆ ನಾಲ್ಕು ಸಲ ಇಮ್ಮಡಿಸಿದ್ದರಿಂದ ಒಟ್ಟು ಎಟಕು ೧೬ ಮೆಗಾಬೈಟ್ ಆಯಿತು. ಮೊದಲನೆಯ ಮೆಗಾಬೈಟಿನ ಗೋಡೆಯಾಚೆ ಒಂದೇ ಸಮನೆ ಸಾಗುವ ಈ ಸ್ಮೃತಿಯಲ್ಲಿ ಕಿಟಕಿ, ಬುಟ್ಟಿಗಳ ರಗಳೆಯಿಲ್ಲ. ಆದರೆ ಗೋಡೆಗೆ ಒಂದೇ ಬಾಗಿಲು, ಅದಕ್ಕೆ ಬೇರೆಯೇ ಬೀಗ. ಡಾಸ್ ಹಾಗೂ ಅದರ ಪ್ರೋಗ್ರಾಮುಗಳು ೮೦೮೮ರ ಹಳೆಯ ರೀತಿಯಲ್ಲಿ ನಡೆಯುವವು. ಹಿತ್ತಲಿಗೆ ಹೋಗಬೇಕಾದರೆ ಪ್ರೊಸೆಸರು ರಕ್ಷಿತ ರೀತಿಯೆಂಬ ಹೊಸ ನಡೆಗೆ ಬದಲಾಗಬೇಕು. ೨೮೬ಕ್ಕೆ ಒಳಗೆ ಹೋಗುವ ಅಪ್ಪಣೆಯಿತ್ತು, ಮರಳುವ ಅಪ್ಪಣೆಯಿರಲಿಲ್ಲ. ಹಿಂತಿರುಗಬೇಕಾದರೆ ಪ್ರೊಸೆಸರನ್ನೇ ಒಮ್ಮೆ ನಿಲ್ಲಿಸಿ ಹೊಸದಾಗಿ ಹೊರಡಿಸಬೇಕಾಗಿತ್ತು. ಆದುದರಿಂದ ಮೊದಲ ಕೆಲವು ವರ್ಷ ಹಿತ್ತಲ ಕೋಣೆಯು ಕಟ್ಟಿದ್ದರೂ ಬರಿದಾಗಿಯೇ ಬಿದ್ದಿತ್ತು ಎನ್ನಬಹುದು.

ಈ ಕಷ್ಟವನ್ನು ತಗ್ಗಿಸಲು ೧೯೮೮ರಲ್ಲಿ ಹಿತ್ತಲ ಸ್ಮೃತಿಯ ಬಳಕೆಗೆ ಎಕ್ಸ್‌ಎಂಎಸ್ ಎಂಬ ನಿಯಮಾವಳಿ ಹೊರಟಿತು. ಹೈಮೆಮ್ ಎಂಬ ಕಾವಲುಗಾರ ಪ್ರೋಗ್ರಾಮು ಬಾಗಿಲ ಕೀಲಿಯನ್ನು ಹಿಡಿದು, ಕೇಳಿದವರಿಗೆ ಕೇಳಿದಷ್ಟು ಜಾಗವನ್ನು ಅಳೆದು ಕೊಡುವದು. ಗೋಡೆಗೆ ಹತ್ತಿದ ಮೊದಲ ೬೫,೫೨೦ ಬೈಟಿನಷ್ಟು ಜಾಗವು ಒಂದು ವಿಚಿತ್ರದಿಂದ ಹಳೆಯ ರೀತಿಯಲ್ಲಿಯೂ ಎಟಕುವದಾಗಿತ್ತು. ೧೯೯೧ನೆಯ ಜೂನ್ ತಿಂಗಳಲ್ಲಿ ಬಂದ ಡಾಸಿನ ಐದನೆಯ ಆವೃತ್ತಿಯು ತನ್ನ ಬಹುಭಾಗವನ್ನು ಆ ಜಾಗಕ್ಕೆ ಸಾಗಿಸಿಕೊಂಡು, ನಡುಮನೆಯಲ್ಲಿ ಗೃಹಸ್ಥನಿಗೆ ಹೆಚ್ಚು ಸ್ಥಳವನ್ನು ಬಿಟ್ಟುಕೊಟ್ಟಿತು. ೨೮೬ದಿಂದ ಮೇಲಿನ ಯಂತ್ರವುಳ್ಳವರಿಗೆ ಇದು ಕಾಸಿನ ಖರ್ಚಿಲ್ಲದ ಲಾಭವಾಯಿತು.

ಎರಡು ಉಪಾಯಗಳ ಜಗಳವನ್ನು ಕೊನೆಗೆ ತೀರಿಸಿದ್ದು ೮೦೩೮೬ ಪ್ರೊಸೆಸರು. ಇದು ೧೯೮೫ರಲ್ಲಿಯೇ ಪ್ರಕಟವಾದರೂ ಸಾಮಾನ್ಯರ ಮನೆಗೆ ಬರಲು ಬಹಳ ವರ್ಷ ಹಿಡಿಯಿತು. ಯಾವ ಗೂಡು ಯಾವ ಸ್ಥಾನದಲ್ಲಿ ಕಾಣಬೇಕೆಂಬದನ್ನು ಬದಲಿಸುವ ಯುಕ್ತಿಯು ಈ ಪ್ರೊಸೆಸರಿನ ಒಳಗೇ ಇದೆ. ಆದುದರಿಂದ ಹಿತ್ತಲ ಕೋಣೆಯ ಒಂದು ಪಾಲನ್ನು ತೆಗೆದುಕೊಂಡು, ಅದೇ ಹಗೇವೆಂಬಂತೆ ಹಳೆಯ ಪ್ರೋಗ್ರಾಮುಗಳಿಗೆ ತೋರಿಸಬಹುದು. ಡಾಸಿನ ಐದನೆಯ ಆವೃತ್ತಿಯಲ್ಲಿ ಈ ಕೆಲಸವನ್ನು ಮಾಡುವದು ಇಎಂಎಂ೩೮೬ ಎಂಬ ಪ್ರೋಗ್ರಾಮು. ಹಿತ್ತಲಿನಿಂದ ಹಗೇವನ್ನು ಮಾಡಬಹುದು. ಕಾರ್ಡಿನ ಹಗೇವಿನಿಂದ ಹಿತ್ತಲನ್ನು ಹೀಗೆ ಮಾಡಲಿಕ್ಕೆ ಬರುವದಿಲ್ಲ. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟರೆ ಅರ್ಧ ವಿಚಾರ ತೀರಿದಂತೆಯೇ.

ಹಾಗಾದರೆ ಆಯ್ಕೆಯ ಕ್ರಮವೇನು? ಎಷ್ಟು ಮೆಗಾಬೈಟ್ ಹಾಕಿಸಲಿ ಎಂದು ಮೊದಲು ಕೇಳಬಾರದು. ನಾನು ನಡಿಸಬೇಕಾದ ಪ್ರೋಗ್ರಾಮು ಯಾವ ಸ್ಮೃತಿಯನ್ನು ಬಲ್ಲದು ಎಂದು ಮೊದಲು ಕೇಳತಕ್ಕದ್ದು, ನನ್ನ ಯಂತ್ರಕ್ಕೆ ಯಾವದು ಸಾಧ್ಯ ಎಂದು ಎರಡನೆಯದಾಗಿ, ಬೆಲೆಯನ್ನು ಕಡೆಗೆ. ಲೋಟಸ್ ೧-೨-೩ರ ಎರಡನೆಯ ಆವೃತ್ತಿಯು ಹಗೇವನ್ನು ಬಲ್ಲದು. ಅದೇ ಪ್ರೋಗ್ರಾಮಿನ ೧೯೮೯ರ ಮೂರನೆಯ ಆವೃತ್ತಿಗೆ ೨೮೬ ಅಥವಾ ಮೇಲಿನ ಯಂತ್ರವೂ ಹಿತ್ತಲ ಸ್ಮೃತಿಯೂ ಬೇಕು. ಹೆಸರು ಒಂದೇ, ಬೇಡಿಕೆ ಬೇರೆ! ೧೯೯೨ರ ವಿಂಡೋಸ್ ೩.೧ ಹಿತ್ತಲನ್ನು ಕೇಳುವದು. ಮಕ್ಕಳ ಆಟಗಳಲ್ಲಿಯೂ ಈ ಭೇದವುಂಟು: ೧೯೯೦ರ ವಿಂಗ್ ಕಮಾಂಡರ್ ಎಂಬ ಆಟವು ಹಗೇವು ಇದ್ದರೆ ಅದನ್ನು ಬಳಸಿಕೊಳ್ಳುವದು, ೧೯೯೩ರ ಡೂಮ್ ಎಂಬ ಆಟಕ್ಕೆ ಹಿತ್ತಲೇ ಬೇಕು.

ಮಾತು ಸ್ಪಷ್ಟವಾಗಲೆಂದು ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ.

ಬೈಲಹೊಂಗಲದ ಒಂದು ಅಡತಿ ಅಂಗಡಿಯಲ್ಲಿ ೮೦೮೮ ಪ್ರೊಸೆಸರಿನ ಎಕ್ಸ್‌ಟಿ ಯಂತ್ರವಿದೆಯೆಂದು ತಿಳಿಯಿರಿ. ಇದು ಹಿತ್ತಲಿಲ್ಲದ ಮನೆ. ಹಿತ್ತಲ ಸ್ಮೃತಿಯನ್ನು ಯಾರು ಎಷ್ಟು ಅಗ್ಗಕ್ಕೆ ಕೊಡಬಂದರೂ ಅದು ಇಲ್ಲಿ ಕೆಲಸಕ್ಕೆ ಬಾರದು. ಹಗೇವಿನ ಕಾರ್ಡು ಮಾತ್ರ ಸಾಧ್ಯ. ಅದೂ ಪ್ರೋಗ್ರಾಮು ಅದನ್ನು ಬಲ್ಲದಾದರೆ. ಅಂಗಡಿಗಾಗಿಯೇ ಯಾರೋ ಬರೆದುಕೊಟ್ಟ ಸಣ್ಣ ಲೆಕ್ಕದ ಪ್ರೋಗ್ರಾಮಾಗಿದ್ದರೆ ಬಹುಶಃ ಅದು ಯಾವ ಹಗೇವನ್ನೂ ಅರಿಯದು. ಇಂಥಲ್ಲಿ ಸ್ಮೃತಿ ಸಾಲದೆಂಬ ದೂರಿಗೆ ಮದ್ದು ಹೊಸ ಕಾರ್ಡಲ್ಲ. ಯಂತ್ರವು ಹೊರಡುವಾಗಲೇ ನಡುಮನೆಯಲ್ಲಿ ಬಂದು ಕುಳಿತುಕೊಳ್ಳುವ ಬೇಡವಾದ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಹೊರಗೆ ಹಾಕುವದೇ ಮದ್ದು. ಕರೆಯದ ಬೀಗರನ್ನು ಕಳಿಸಿದರೆ ಮನೆಯವರಿಗೆ ಜಾಗವಾಗುವದು.

ಸವದತ್ತಿಯ ಒಂದು ಛಾಪಖಾನೆಯಲ್ಲಿ ಒಂದು ಮೆಗಾಬೈಟಿನ ೨೮೬ ಯಂತ್ರವಿದೆಯೆಂದು ತಿಳಿಯಿರಿ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ೬೪೦ ಕಿಲೋಬೈಟ್ ನಡುಮನೆಯಾಗಿ, ಉಳಿದ ೩೮೪ ಹಿತ್ತಲಾಗಿ ಹಂಚಿಕೆಯಾಗಿರುವದು. ಡಾಸಿನ ಐದನೆಯ ಆವೃತ್ತಿಯಿದ್ದರೆ, ಹೈಮೆಮನ್ನು ಹಚ್ಚಿ ಡಾಸನ್ನು ಮೇಲಕ್ಕೆ ಸಾಗಿಸುವದು ಮೊದಲ ಕೆಲಸ. ಅಷ್ಟರಿಂದಲೇ ಪ್ರೋಗ್ರಾಮು ನಡೆದರೆ ಮತ್ತೇನೂ ಬೇಡ. ಹಗೇವು ಬೇಕೇ ಬೇಕೆಂದರೆ ೨೮೬ದಲ್ಲಿ ನಿಜವಾದ ಕಾರ್ಡು ಅಥವಾ ಅದಕ್ಕೆ ಅನುಕೂಲವಾದ ಮುಖ್ಯ ಫಲಕವು ಬೇಕಾಗುವದು. ಹಿತ್ತಲಿನಿಂದ ಹಗೇವಿನ ವೇಷ ಹಾಕಿಸುವ ಪ್ರೋಗ್ರಾಮುಗಳು ೨೮೬ಕ್ಕೂ ಇದ್ದವು. ಆದರೆ ಅವು ಬುಟ್ಟಿಯನ್ನು ಬದಲಿಸುವ ಬದಲು ಪ್ರತಿಸಾರಿ ಕಾಳನ್ನು ಸುರಿದು ತುಂಬುವವು. ಆದ್ದರಿಂದ ಬಹಳ ನಿಧಾನ. ಕೆಲವು ಕಾರ್ಡುಗಳಲ್ಲಿ ಒಂದು ಪಾಲನ್ನು ಹಗೇವಾಗಿಯೂ ಒಂದು ಪಾಲನ್ನು ಹಿತ್ತಲಾಗಿಯೂ ಗೊತ್ತುಮಾಡುವ ಅನುಕೂಲವಿತ್ತು. ಅಂಥ ಕಾರ್ಡು ಇದ್ದವರು ಅದರ ಕೈಪಿಡಿಯನ್ನು ಕಳೆದುಕೊಳ್ಳಬಾರದು.

ರಾಮದುರ್ಗದ ಒಂದು ಮನೆಯಲ್ಲಿ ನಾಲ್ಕು ಮೆಗಾಬೈಟಿನ ೩೮೬ ಯಂತ್ರವಿದೆಯೆಂದು ತಿಳಿಯಿರಿ. ಇಲ್ಲಿ ಕೊಳ್ಳುವ ಪ್ರಶ್ನೆಯೇ ಇಲ್ಲ. ಇರುವದೆಲ್ಲ ಹಿತ್ತಲು, ಅದರಿಂದ ಬೇಕಾದಷ್ಟು ಹಗೇವು. ಪ್ರಶ್ನೆಯು ಯಂತ್ರ ಹೊರಡುವಾಗ ಓದುವ ಕಾನ್‌ಫಿಗ್ ಎಂಬ ಕಡತದ ಒಂದು ಸಾಲಿನದು. ಆ ಕಡತದಲ್ಲಿ ಹೈಮೆಮ್ ಮೊದಲು, ಇಎಂಎಂ೩೮೬ ಅದರ ಬಳಿಕ ಬರತಕ್ಕದ್ದು. ಕ್ರಮ ತಪ್ಪಿದರೆ ಎರಡನೆಯದು ನಡೆಯದು. ಇಎಂಎಂ೩೮೬ದ ಮುಂದೆ ರ್‍ಯಾಮ್ ಎಂಬ ಮಾತನ್ನು ಬರೆದರೆ ಹಗೇವೂ ಆಗುವದು, ಮೀಸಲು ಸ್ಥಳದ ಬರಿದಾದ ಮೂಲೆಗಳೂ ಉಪಯೋಗಕ್ಕೆ ಬರುವವು. ನೋಇಎಂಎಸ್ ಎಂಬ ಮಾತನ್ನು ಬರೆದರೆ ಹಗೇವು ಇಲ್ಲ. ಅದರ ಕಿಟಕಿಗೆ ಹೋಗುತ್ತಿದ್ದ ೬೪ ಕಿಲೋಬೈಟ್ ಉಳಿಯುವದು. ಹಗೇವನ್ನು ಕೇಳುವ ಪ್ರೋಗ್ರಾಮು ಒಂದಾದರೂ ಇದ್ದರೆ ಮೊದಲನೆಯದು, ಒಂದೂ ಇಲ್ಲದಿದ್ದರೆ ಎರಡನೆಯದು ಯೋಗ್ಯ. ಬರೆದ ಮೇಲೆ ಮೆಮ್ ಎಂಬ ಅಪ್ಪಣೆಯನ್ನು ಕೊಟ್ಟು ನೋಡಿದರೆ ಯಾವ ಸ್ಮೃತಿ ಎಷ್ಟಿದೆ, ಎಷ್ಟು ಬರಿದಾಗಿದೆ ಎಂಬದನ್ನು ಯಂತ್ರವೇ ಹೇಳುವದು.

ಕನ್ನಡದ ಮನೆಗಳಿಗೆ ಇಲ್ಲಿ ಇನ್ನೊಂದು ವಿಶೇಷವುಂಟು. ಡಾಸ್ ಎಣಿಸಬಲ್ಲ ಚಿಹ್ನೆಗಳು ೨೫೬ ಮಾತ್ರ. ೧೯೯೧ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಅಂಗೀಕರಿಸಿದ ಇಸ್ಕಿ ಎಂಬ ಸಂಕೇತವು ಅವುಗಳಲ್ಲಿ ಕೆಳಗಿನ ಅರ್ಧವನ್ನು ಇಂಗ್ಲಿಷಿಗೆ ಬಿಟ್ಟು, ಮೇಲಿನ ಅರ್ಧದಲ್ಲಿ ನಮ್ಮ ದೇಶದ ಲಿಪಿಗಳನ್ನು ಕೂಡಿಸಿತು. ಕಾನಪುರದ ಐಐಟಿಯಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬ ಕಾರ್ಡನ್ನು ಯಂತ್ರದ ಗಾಡಿಯಲ್ಲಿ ಸಿಕ್ಕಿಸಿದರೆ, ಡಾಸಿನ ತೆರೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಇಂಥ ಯಾವದೇ ಹೆಚ್ಚಿನ ಕಾರ್ಡು ಇರುವ ಯಂತ್ರದಲ್ಲಿ, ಅದು ೩೮೪ರ ಮೀಸಲು ಸ್ಥಳದಲ್ಲಿ ಜಾಗ ಹಿಡಿದಿದೆಯೋ, ಹಿಡಿದಿದ್ದರೆ ಎಲ್ಲಿ ಎಂಬದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಅದೇ ಜಾಗದಲ್ಲಿ ಹಗೇವಿನ ಕಿಟಕಿಯನ್ನು ತೆರೆದರೆ ಎರಡೂ ಒಂದರ ಮೇಲೊಂದು ಬಿದ್ದು ತೆರೆ ಕಲಕುವದು ಅಥವಾ ಯಂತ್ರವು ಸ್ತಬ್ಧವಾಗುವದು. ಆ ಜಾಗವನ್ನು ಹೊರತುಪಡಿಸೆಂದು ಇಎಂಎಂ೩೮೬ಕ್ಕೆ ಸೂಚಿಸುವ ಉಪಾಯವಿದೆ. ಒಂದೇ ಸಮನೆ ೬೪ ಕಿಲೋಬೈಟ್ ಎಲ್ಲಿಯೂ ಸಿಕ್ಕದಿದ್ದರೆ ಹಗೇವಿನ ಆಶೆಯನ್ನು ಬಿಟ್ಟು ಹಿತ್ತಲನ್ನೇ ನಂಬಬೇಕು.

ಇಷ್ಟೆಲ್ಲ ಆದ ಮೇಲೆ, ಇಂದಿನ ಗೃಹಸ್ಥನು ಮಾಡತಕ್ಕದ್ದೇನು? ೧೯೯೫ನೆಯ ಆಗಸ್ಟಿನಲ್ಲಿ ವಿಂಡೋಸ್ ೯೫ ಬಂದ ತರುವಾಯ ಈ ಭೇದವು ಮೆಲ್ಲಮೆಲ್ಲನೆ ಮರೆಯಾಯಿತು. ಈಗ ಅಟ್ಟದ ಯಂತ್ರವನ್ನು ಇಳಿಸುವವರ ಉದ್ದೇಶವು ಅದರಲ್ಲಿ ಹೊಸ ಕೆಲಸ ಮಾಡುವದಲ್ಲ, ಹಳೆಯ ಲೆಕ್ಕವನ್ನು ಹೊರಗೆ ತೆಗೆಯುವದು. ಆದುದರಿಂದ ಹಳೆಯ ಸ್ಮೃತಿಯ ಕಾರ್ಡನ್ನು ಹುಡುಕಿ ಹೆಚ್ಚಿನ ಬೆಲೆ ಕೊಡುವದು ವಿವೇಕವಲ್ಲವೆಂದು ನಮ್ಮ ಅಭಿಪ್ರಾಯ. ಮೊದಲು ಹಾರ್ಡ್ ಡಿಸ್ಕಿನ ಹಾಗೂ ಫ್ಲಾಪಿಗಳ ಎಲ್ಲ ಕಡತಗಳನ್ನು ಬಲ್ಲವರಿಂದ ನಕಲು ಮಾಡಿಸಿ ಎರಡು ಕಡೆ ಇಡಿರಿ. ಕಡತಗಳನ್ನು ನಕಲು ಮಾಡಲು ಹಗೇವೂ ಬೇಡ, ಹಿತ್ತಲೂ ಬೇಡ; ನಡುಮನೆ ಸಾಕು. ಸ್ಮೃತಿ ಸಾಲದೆಂದು ಹೇಳುವ ಯಂತ್ರವೂ ಈ ಕೆಲಸವನ್ನು ಮಾಡಬಲ್ಲದು. ಇದನ್ನು ಅರಿಯದೆಯೇ ಬಹಳ ಜನರು ನಿರಾಶರಾಗುವರು.

ಆ ಮೇಲೆ ಕಡತಗಳ ಹೆಸರಿನ ಬಾಲವನ್ನು ನೋಡಿರಿ. ಡಬ್ಲ್ಯುಕೆ೧ ಎಂದಿದ್ದರೆ ಅದು ಲೋಟಸಿನ ಲೆಕ್ಕ. ಡಿಬಿಎಫ್ ಎಂದಿದ್ದರೆ ಡಿಬೇಸ್ ಜಾತಿಯ ಪಟ್ಟಿ. ಬೆಲೆಯಿಲ್ಲದೆ ದೊರೆಯುವ ಲಿಬ್ರೆಆಫೀಸ್ ಎಂಬ ಇಂದಿನ ಪ್ರೋಗ್ರಾಮು ಈ ಎರಡನ್ನೂ ತೆರೆಯಬಲ್ಲದು. ಅಂಕಿಗಳೇ ಬೇಕಾಗಿದ್ದರೆ ಕೆಲಸ ಅಲ್ಲಿಗೇ ತೀರಿತು. ಹಳೆಯ ಪ್ರೋಗ್ರಾಮೇ ನಡೆಯಬೇಕಾಗಿದ್ದರೆ, ಡಾಸ್‌ಬಾಕ್ಸ್ ಎಂಬದು ಇಂದಿನ ಯಂತ್ರದೊಳಗೆ ಹಳೆಯ ಯಂತ್ರದ ಸೋಗು ಹಾಕುವದು. ಅದರಲ್ಲಿ ಹಗೇವು, ಹಿತ್ತಲು ಎರಡೂ ಮೊದಲಿನಿಂದಲೇ ತೆರೆದಿರುವವು; ಬೇಡವಾದದ್ದನ್ನು ಒಂದು ಸಾಲು ಬದಲಿಸಿ ಮುಚ್ಚಬಹುದು. ಹಿಂದೆ ಹಣ ಕೊಟ್ಟು ಮಾಡಬೇಕಾಗಿದ್ದ ಆಯ್ಕೆಯನ್ನು ಈಗ ಕೈಬರಹದಿಂದ ಮಾಡಿ, ತಪ್ಪಿದರೆ ತಿದ್ದಿಕೊಳ್ಳಬಹುದು.

ಕನ್ನಡದ ಬರಹವಿದ್ದರೆ ಮಾತ್ರ ಹೆಚ್ಚಿನ ಎಚ್ಚರಿಕೆ ಬೇಕು. ಕಿತ್ತೂರು ಎಂಬ ಮಾತು ಇಸ್ಕಿಯಲ್ಲಿ ಎಂಟು ಬೈಟು. ಇಂದು ಎಲ್ಲೆಡೆ ರೂಢಿಯಲ್ಲಿರುವ ಯುನಿಕೋಡಿನ ಯುಟಿಎಫ್-೮ ರೀತಿಯಲ್ಲಿ ಇಪ್ಪತ್ತನಾಲ್ಕು. ಸಂಕ್ಷೇಪವಾದ ಆ ಹಳೆಯ ಸಂಕೇತವನ್ನು ಇಂದಿನ ಯಂತ್ರಗಳು ತಾವಾಗಿ ಓದಲಾರವು. ತೆರೆದರೆ ಕಲಸಿದ ಗುರುತುಗಳು ಕಾಣುವವು. ಅದನ್ನು ಕಂಡು ಕಡತ ಕೆಟ್ಟಿದೆಯೆಂದು ಅಳಿಸಬೇಡಿರಿ. ಅದು ಕೆಟ್ಟಿರಲಿಕ್ಕಿಲ್ಲ; ಪರಿವರ್ತನೆ ಮಾಡಬಲ್ಲವರ ಕೈಗೆ ಬರುವವರೆಗೆ ಹಾಗೆಯೇ ಕಾಯ್ದಿಡಿರಿ.

ಕಡೆಯದಾಗಿ ಒಂದು ಅವಸರದ ಮಾತು. ೨೮೬, ೩೮೬ ಯಂತ್ರಗಳ ಮುಖ್ಯ ಫಲಕದ ಮೇಲೆ ಅನೇಕ ವೇಳೆ ಸಣ್ಣ ಬ್ಯಾಟರಿಯೊಂದು ಇರುವದು. ಹಳತಾದಂತೆ ಅದು ಸೋರಿ ಫಲಕದ ತಾಮ್ರದ ಗೆರೆಗಳನ್ನು ತಿಂದುಹಾಕುವದು. ಅದನ್ನು ಬಲ್ಲವರಿಂದ ತೆಗೆಸಿರಿ. ಆದರೆ ಯಂತ್ರವು ತನ್ನ ಹಾರ್ಡ್ ಡಿಸ್ಕಿನ ಜಾತಿಯನ್ನು ಆ ಬ್ಯಾಟರಿಯ ಬಲದಿಂದಲೇ ನೆನಪಿಟ್ಟುಕೊಂಡಿರುವದರಿಂದ, ತೆಗೆಸುವ ಮುಂಚೆ ಸೆಟಪ್ ಪುಟದ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ಆ ಚೀಟಿಯನ್ನು ಯಂತ್ರದ ಪೆಟ್ಟಿಗೆಗೇ ಅಂಟಿಸಿದರೆ ಉತ್ತಮ.

ಮನೆಯಲ್ಲಿ ಆ ಯಂತ್ರವನ್ನು ನಡಿಸಿದ ಹಿರಿಯರು ಇನ್ನೂ ಇದ್ದರೆ, ಅವರ ಬಳಿ ಒಂದು ಸಂಜೆ ಕುಳಿತು, ಯಾವ ಪ್ರೋಗ್ರಾಮಿನಲ್ಲಿ ಬರೆಯುತ್ತಿದ್ದಿರಿ, ಯಾವ ಹೆಸರಿನಿಂದ ಇಡುತ್ತಿದ್ದಿರಿ, ಗುಪ್ತಪದವೇನಾದರೂ ಇತ್ತೆ ಎಂದು ಕೇಳಿ ಬರೆದುಕೊಳ್ಳಿರಿ. ಯಾವ ಸ್ಮೃತಿ ಬೇಕೆಂಬ ಪ್ರಶ್ನೆಗೆ ಮೊದಲನೆಯ ಉತ್ತರವು ಪ್ರೋಗ್ರಾಮಿನ ಹೆಸರಿನಲ್ಲಿದೆ. ಆ ಹೆಸರನ್ನು ಅಂಗಡಿಯವನು ಹೇಳಲಾರನು, ಮನೆಯ ಹಿರಿಯರು ಹೇಳಬಲ್ಲರು. ಕಡತಗಳು ತೆರೆದ ದಿನ ಅಂಕಿಗಳನ್ನು ಒಮ್ಮೆ ಕಾಗದದ ಮೇಲೆ ಅಚ್ಚು ಹಾಕಿಸಿ, ಹೊಲಮನೆಯ ಪತ್ರಗಳ ಜೊತೆಗೆ ಪೆಟ್ಟಿಗೆಯಲ್ಲಿ ಇಡುವದನ್ನು ವಾಚಕರು ಮರೆಯಬಾರದೆಂದು ನಾವು ಅರಿಕೆ ಮಾಡುತ್ತೇವೆ.